ದೀಪಕ್ ಮತ್ತು ರಾಜು ನಡೆಸಿದ ಅಂಗಡಿ: ಬನ್ವಾರಿ ಟೋಲಾದ ಅಕ್ಕ-ತಂಗಿಯರ ಪ್ರಕರಣ

ಪೂರ್ವ ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಗೆ ಸೇರಿದ ಬನ್ವಾರಿ ಟೋಲಾ ಎಂಬ ಹಳ್ಳಿಯಲ್ಲಿ 2014ರಲ್ಲಿ ಒಂದು ಕ್ಷೌರದಂಗಡಿಯ ಬಾಗಿಲು ಮುಚ್ಚಿತು. ಅದನ್ನು ನಡೆಸುತ್ತಿದ್ದವರು ತೀವ್ರ ಕಾಯಿಲೆ ಬಿದ್ದು ದುಡಿಯಲಾರದವರಾಗಿದ್ದರು. ಆ ಅಂಗಡಿಯೇ ಮನೆಯ ಜೀವನಾಧಾರವಾಗಿತ್ತು. ಅದು ನಿಂತ ಹೊತ್ತಿಗೇ ಚಿಕಿತ್ಸೆಯ ಖರ್ಚು ಬಂದು ಸೇರಿಕೊಂಡಿತು. ಅಕ್ಕನಿಗೆ ಆಗ 13ರ ಆಸುಪಾಸು, ತಂಗಿಗೆ 11ರ ಆಸುಪಾಸು. ಈ ಇಬ್ಬರು ಹೆಣ್ಣುಮಕ್ಕಳು ಬಾಗಿಲನ್ನು ಮತ್ತೆ ತೆರೆದು, ಕೂದಲನ್ನು ಗಂಡುಹುಡುಗರಂತೆ ಕತ್ತರಿಸಿಕೊಂಡು, ದೀಪಕ್ ಮತ್ತು ರಾಜು ಎಂಬ ಹೆಸರಿಟ್ಟುಕೊಂಡು, ಅಪ್ಪನ ಗಿರಾಕಿಗಳ ಗಡ್ಡ ಹೆರೆಯಲು ನಿಂತರು. 2019ರ ಜನವರಿಯಲ್ಲಿ ಸುದ್ದಿಸಂಸ್ಥೆಗಳು ಈ ವಿಷಯವನ್ನು ದೇಶಕ್ಕೆ ತಿಳಿಸಿದಾಗ ಅಂಗಡಿ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲದಿಂದ ಅವರ ಕೈಯಲ್ಲೇ ನಡೆಯುತ್ತಿತ್ತು. ಅವರ ನಿಜವಾದ ಹೆಸರುಗಳು ಪತ್ರಿಕೆಗಳಲ್ಲಿ ಬಂದಿವೆಯಾದರೂ ಇಲ್ಲಿ ಅವರನ್ನು ಅಕ್ಕ, ತಂಗಿ ಎಂದಷ್ಟೇ ಕರೆಯುತ್ತೇನೆ. ನಮಗೆ ಬೇಕಾಗಿರುವುದು ಅವರು ಮಾಡಿದ ಕೆಲಸದ ವಿವರ.

ಕುಟುಂಬದ ಉದ್ಯಮವನ್ನು ಉಳಿಸಿದ ಅಕ್ಕ-ತಂಗಿಯರೆಂದರೆ ನಮಗೆ ಸಾಮಾನ್ಯವಾಗಿ ನೆನಪಾಗುವುದು ಕಾರ್ಖಾನೆ, ಷೇರು, ಆಡಳಿತ ಮಂಡಳಿಗಳಿರುವ ದೊಡ್ಡ ಮನೆತನಗಳು. ಬನ್ವಾರಿ ಟೋಲಾದಲ್ಲಿ ಇದ್ದದ್ದು ಕುರ್ಚಿ, ಕನ್ನಡಿ, ಕತ್ತರಿ, ಕತ್ತಿ. ಆದರೂ ಒಂದು ಉದ್ಯಮ ಹೇಗೆ ಕುಸಿಯುತ್ತದೆ, ಅದರಲ್ಲಿ ಯಾವುದನ್ನು ಉಳಿಸಿಕೊಂಡರೆ ಅದು ಮತ್ತೆ ಎದ್ದು ನಿಲ್ಲುತ್ತದೆ ಎಂಬುದು ಇಷ್ಟು ಚಿಕ್ಕ ಅಂಗಡಿಯಲ್ಲಿ ಕಾಣುವಷ್ಟು ನಿಚ್ಚಳವಾಗಿ ದೊಡ್ಡ ಕಂಪನಿಗಳ ಲೆಕ್ಕಪತ್ರಗಳಲ್ಲಿ ಕಾಣುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಈ ಪ್ರಕರಣವನ್ನು ಧೈರ್ಯದ ಕಥೆಯಾಗಿ ಹೇಳಿದವರು ಬಹಳ ಮಂದಿ. ಧೈರ್ಯ ಇದ್ದದ್ದು ನಿಜ. ಆದರೆ ಅಂಗಡಿ ಉಳಿದದ್ದು ವೇಳೆ, ಗಿರಾಕಿ ಮತ್ತು ಇಬ್ಬರ ಜೊತೆ, ಈ ಮೂರನ್ನು ಅವರು ಹೊಂದಿಸಿಕೊಂಡ ಬಗೆಯಿಂದ.

ಬಾಗಿಲು ಮುಚ್ಚಿದಾಗ ಹೋದದ್ದೇನು

ಕುಶಿನಗರವೆಂದರೆ ಬುದ್ಧನ ಮಹಾಪರಿನಿರ್ವಾಣದ ನೆಲ. ಜಿಲ್ಲೆಯಾಗಿ ಅದು ದೇವರಿಯಾದಿಂದ ಬೇರ್ಪಟ್ಟದ್ದು 1994ರಲ್ಲಿ. ಜಿಲ್ಲಾ ಕೇಂದ್ರ ಪಡರೌನಾ, ಹತ್ತಿರದ ದೊಡ್ಡ ನಗರ ಗೋರಖ್‌ಪುರ. ಕಬ್ಬು, ಭತ್ತ, ಗೋಧಿ ಬೆಳೆಯುವ ಈ ಸೀಮೆಯ ಗಂಡಸರು ದುಡಿಮೆ ಹುಡುಕಿಕೊಂಡು ಮುಂಬಯಿ, ದೆಹಲಿ, ಕೊಲ್ಲಿ ದೇಶಗಳಿಗೆ ಹೋಗುವುದು ಹಳೆಯ ಪರಿಪಾಠ. ಊರಲ್ಲೇ ಉಳಿದು, ಊರಿನವರಿಂದಲೇ ನಗದು ಗಳಿಸಬಲ್ಲ ಕಸುಬುಗಳು ಅಲ್ಲಿ ಬೆರಳೆಣಿಕೆಯಷ್ಟು, ಅವುಗಳಲ್ಲಿ ಕ್ಷೌರವೂ ಒಂದು.

ಹಿಂದೆ ಈ ಕಸುಬಿಗೆ ಅಂಗಡಿಯೇ ಇರಲಿಲ್ಲ. ನಮ್ಮ ಹಳ್ಳಿಗಳ ಹನ್ನೆರಡು ಮಂದಿ ಆಯಗಾರರಲ್ಲಿ ನಾವಿಂದನೂ ಒಬ್ಬನಾಗಿ, ವರ್ಷವಿಡೀ ಮನೆಮನೆಗೆ ಹೋಗಿ ಕ್ಷೌರ ಮಾಡಿ ಸುಗ್ಗಿಯಲ್ಲಿ ಕಣದಿಂದ ಆಯದ ಕಾಳು ಪಡೆಯುತ್ತಿದ್ದಂತೆ, ಉತ್ತರದಲ್ಲಿ ಜಜಮಾನಿ ಪದ್ಧತಿಯಿತ್ತು. ಮದುವೆಯ ಕರೆ ಒಯ್ಯುವುದು, ಮಗುವಿನ ಚೌಲ, ಸಾವಾದ ಹತ್ತನೆಯ ದಿನದ ಕ್ಷೌರ ಎಲ್ಲವೂ ಆ ಒಡಂಬಡಿಕೆಯಲ್ಲಿ ಸೇರಿದ್ದವು. ಅದು ಸಡಿಲವಾಗುತ್ತ ಬಂದಂತೆ ಕಾಳಿನ ಜಾಗಕ್ಕೆ ನಗದು ಬಂತು, ಜಗಲಿಯ ಜಾಗಕ್ಕೆ ಅಂಗಡಿ ಬಂತು. ಈ ಬದಲಾವಣೆಯಿಂದ ಕ್ಷೌರಿಕನಿಗೆ ಮರ್ಯಾದೆ ಹೆಚ್ಚಿತು, ಆದರೆ ಭದ್ರತೆ ಕಡಿಮೆಯಾಯಿತು. ಆಯದ ಕಾಳು ಒಂದು ತಿಂಗಳು ಕಾಯಿಲೆ ಬಿದ್ದರೂ ಪೂರ್ತಿ ತಪ್ಪುತ್ತಿರಲಿಲ್ಲ. ಅಣ್ಣನೋ ತಮ್ಮನೋ ಬಂದು ಸರದಿ ನಡೆಸುತ್ತಿದ್ದ. ಅಂಗಡಿಯಲ್ಲಾದರೆ ಬಾಗಿಲು ಮುಚ್ಚಿದ ದಿನದ ದುಡಿಮೆ ಸೊನ್ನೆ.

ಕ್ಷೌರದಂಗಡಿಯ ಆಸ್ತಿ ಯಾವುದೆಂದು ಕೇಳಿಕೊಂಡರೆ ಪ್ರಕರಣದ ಗಂಟು ಬಿಚ್ಚಿಕೊಳ್ಳುತ್ತದೆ. ಸಾಮಾನುಗಳನ್ನು ಮಾರಿದರೆ ಒಂದು ತಿಂಗಳ ಸಂಸಾರವೂ ಸಾಗದು. ಇಟ್ಟ ಸರಕಿಲ್ಲ, ಬರಬೇಕಾದ ದೊಡ್ಡ ಬಾಕಿಯಿಲ್ಲ. ಇರುವುದು ಕೈಗುಣ, ಮತ್ತು ಆ ಕೈಗುಣವನ್ನು ನಂಬಿ ಬರುವ ಗಿರಾಕಿಗಳು. ಕೈ ನಿಂತರೆ ಉದ್ಯಮವೇ ನಿಂತಿತು. ಗಿರಾಕಿಯಾದರೂ ಎಷ್ಟು ದಿನ ಕಾಯುತ್ತಾನೆ? ಗಡ್ಡ ಯಾರ ಕಾಯಿಲೆಯನ್ನೂ ನೋಡಿಕೊಂಡು ಬೆಳೆಯುವುದಿಲ್ಲ. ಎರಡು ವಾರ ಬಾಗಿಲು ಮುಚ್ಚಿದ್ದರೆ ಆತ ಪಕ್ಕದ ಊರಿನ ಕುರ್ಚಿಗೆ ಒಗ್ಗಿಕೊಳ್ಳುತ್ತಾನೆ, ಒಗ್ಗಿದ ಮೇಲೆ ಹಿಂದಿರುಗುವುದು ಅಪರೂಪ. ಆದ್ದರಿಂದ ಆ ಹುಡುಗಿಯರ ಮುಂದಿದ್ದ ಸಮಸ್ಯೆಯನ್ನು ಹಣದ ಕೊರತೆ ಎಂದಷ್ಟೇ ನೋಡಿದರೆ ಸಾಲದು. ಅಪ್ಪನ ಕೈಗೆ ಬದಲಾಗಿ ಇನ್ನೊಂದು ಕೈಯನ್ನು, ಗಿರಾಕಿ ಚದುರಿಹೋಗುವ ಮೊದಲೇ, ಅದೇ ಕುರ್ಚಿಯ ಹಿಂದೆ ನಿಲ್ಲಿಸಬೇಕಾಗಿತ್ತು.

ಕುತ್ತಿಗೆ ಮತ್ತು ಕತ್ತಿ

ಹಳ್ಳಿಯ ಯಾವುದೇ ಕ್ಷೌರದಂಗಡಿಯಲ್ಲಿ ಒಂದು ಗಡ್ಡ ಹೇಗೆ ತೆಗೆಯುತ್ತಾರೆಂದು ಒಮ್ಮೆ ನೋಡಬೇಕು. ಗಿರಾಕಿ ಕುರ್ಚಿಯಲ್ಲಿ ಕುಳಿತು ತಲೆಯನ್ನು ಹಿಂದಕ್ಕೆ ಒರಗಿಸುತ್ತಾನೆ. ಕೊರಳಿಗೆ ಬಟ್ಟೆ ಸುತ್ತಿ, ಗಲ್ಲಕ್ಕೆ ನೀರು ಹಚ್ಚಿ, ಬ್ರಷ್ಷಿನಿಂದ ನೊರೆ ಎಬ್ಬಿಸುತ್ತಾರೆ. ಒರಟು ಗಡ್ಡವಾದರೆ ನೊರೆಗೆ ಹೆಚ್ಚು ಹೊತ್ತು ಕೊಡಬೇಕು. ಬ್ಲೇಡನ್ನು ಕಾಗದದೊಳಗೇ ಎರಡಾಗಿ ಮುರಿದು, ಅರ್ಧವನ್ನು ಕತ್ತಿಯ ಬಾಯಿಗೆ ಸಿಕ್ಕಿಸುತ್ತಾರೆ. ಅನಂತರ ಎಡಗೈಯ ಹೆಬ್ಬೆರಳಿನಿಂದ ಕೆನ್ನೆಯ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿದು, ಬಲಗೈಯಿಂದ ಕತ್ತಿಯನ್ನು ಓರೆಯಾಗಿ ಇಳಿಸುತ್ತಾರೆ. ಚರ್ಮ ಬಿಗಿಯಾಗಿ ನಿಲ್ಲದಿದ್ದರೆ ಗಾಯ ಖಂಡಿತ. ಗಂಟಲ ಬಳಿ ಕೂದಲು ಬೆಳೆಯುವ ದಿಕ್ಕು ಒಬ್ಬೊಬ್ಬನಿಗೆ ಒಂದೊಂದು ಬಗೆಯಾದ್ದರಿಂದ ಬೆರಳಿನಿಂದ ಸವರಿ ತಿಳಿದುಕೊಂಡೇ ಕತ್ತಿ ಇಡಬೇಕು. ಕೊನೆಗೆ ಪಟಿಕದ ಕಲ್ಲನ್ನು ತೇವಮಾಡಿ ಮುಖಕ್ಕೆಲ್ಲ ಉಜ್ಜುತ್ತಾರೆ. ಎಲ್ಲಾದರೂ ಸಣ್ಣಗೆ ತಾಗಿದ್ದರೆ ಅಲ್ಲಿ ಚುರ್ರೆನ್ನುತ್ತದೆ, ಗಿರಾಕಿಗೆ ಕ್ಷೌರಿಕನ ಲೆಕ್ಕ ಸಿಗುವುದು ಆಗಲೇ.

ಈ ಹತ್ತು ಹದಿನೈದು ನಿಮಿಷ ಒಬ್ಬ ಗಂಡಸು ತನ್ನ ಕುತ್ತಿಗೆಯನ್ನು ಇನ್ನೊಬ್ಬರ ಕತ್ತಿಗೆ ಒಪ್ಪಿಸಿ ಕಣ್ಣು ಮುಚ್ಚಿರುತ್ತಾನೆ. ಮಾಡುವವರ ಕೈ ಅವನ ಕೆನ್ನೆಯ ಮೇಲೆ, ತುಟಿಯ ಮೇಲೆ, ಕಿವಿಯ ಹಿಂದೆ ಆಡುತ್ತಿರುತ್ತದೆ. ಹನ್ನೊಂದು, ಹದಿಮೂರು ವರ್ಷದ ಹುಡುಗಿಯರು ಈ ಕೆಲಸಕ್ಕೆ ನಿಂತಾಗ ಊರು ಎರಡು ಬಗೆಯಲ್ಲಿ ಹಿಂಜರಿಯಿತೆಂದು ಊಹಿಸಬಹುದು: ಇಷ್ಟು ಚಿಕ್ಕವರ ಕೈಗೆ ಕತ್ತಿ ಕೊಡುವುದೇ ಎಂಬುದೊಂದು, ಹೆಣ್ಣುಮಗಳ ಮುಂದೆ ಗಲ್ಲ ಒಡ್ಡುವುದೇ ಎಂಬುದು ಇನ್ನೊಂದು. ಮೊದಲನೆಯ ಅನುಮಾನಕ್ಕೆ ಉತ್ತರ ನಾಲ್ಕಾರು ಗಡ್ಡಗಳಲ್ಲಿ ಸಿಗುತ್ತದೆ, ಎರಡನೆಯದಕ್ಕೆ ಹಾಗೆ ಸುಲಭವಾಗಿ ಸಿಗುವುದಿಲ್ಲ. ಮೊದಮೊದಲು ಊರಿನವರು ಚುಚ್ಚಿ ಮಾತಾಡಿದರೆಂದೂ, ಬೇರೆ ದಾರಿಯಿಲ್ಲದ್ದರಿಂದ ಕಿವಿಗೊಡದೆ ಕೆಲಸದ ಮೇಲೆ ಗಮನವಿಟ್ಟೆವೆಂದೂ ಅಕ್ಕ ಮುಂದೆ ಪತ್ರಕರ್ತರಿಗೆ ಹೇಳಿದ್ದಾಳೆ. ಕೆಲವು ಗಿರಾಕಿಗಳ ನಡವಳಿಕೆಯೂ ಸರಿಯಿರಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಉತ್ತರ ಭಾರತದ ಹಳ್ಳಿಗಳಲ್ಲಿ ಕ್ಷೌರಿಕರ ಮನೆಯ ಹೆಂಗಸು, ಅಂದರೆ ನಾಯಿನ್, ಹಿಂದಿನಿಂದಲೂ ದುಡಿದವಳೇ. ಉಗುರು ಕತ್ತರಿಸುವುದು, ಮದುಮಗಳ ಪಾದಕ್ಕೆ ಅಲ್ತಾ ಎಂಬ ಕೆಂಪು ಬಣ್ಣ ಹಚ್ಚುವುದು, ಬಾಣಂತಿಗೆ ಎಣ್ಣೆ ತಿಕ್ಕುವುದು ಅವಳ ಪಾಲಿನ ಕೆಲಸಗಳು. ಅವಳು ಮುಟ್ಟುತ್ತಿದ್ದದ್ದು ಹೆಂಗಸರನ್ನು ಮಾತ್ರ, ಅದೂ ಮನೆಯೊಳಗೆ. ನಮ್ಮಲ್ಲಿ ಹನ್ನೆರಡನೆಯ ಶತಮಾನದ ಶರಣರ ನಡುವೆ ಕನ್ನಡಿ ಕಾಯಕದ ರೇಮಮ್ಮ ಎಂಬ ವಚನಕಾರ್ತಿಯಿದ್ದಾಳೆ. ಆ ಕನ್ನಡಿ ಕಾಯಕವನ್ನು ಕ್ಷೌರದ ಕಸುಬೆಂದೇ ಅರ್ಥಮಾಡುವವರಿದ್ದಾರೆ. ಹಾಗಾಗಿ ಹೆಣ್ಣು ಈ ಕಸುಬಿನಲ್ಲಿರುವುದು ಹೊಸ ಸಂಗತಿಯಲ್ಲ. ಬನ್ವಾರಿ ಟೋಲಾದಲ್ಲಿ ಹೊಸದಾಗಿದ್ದದ್ದು ಬೀದಿಗೆ ತೆರೆದ ಅಂಗಡಿಯಲ್ಲಿ ಗಂಡಸರ ಕುರ್ಚಿಯ ಹಿಂದೆ ನಿಂತದ್ದು.

ವೇಷದ ಒಳಗುಟ್ಟು

ಕೂದಲು ಗಿಡ್ಡವಾಯಿತು. ಪ್ಯಾಂಟು-ಅಂಗಿ ಬಂತು. ಕೈಗೆ, ಆ ಸೀಮೆಯ ಹುಡುಗರು ಹಾಕಿಕೊಳ್ಳುವಂಥ ಸ್ಟೀಲಿನ ಕಡಗ ಬಂತು. ಅಕ್ಕ ದೀಪಕ್ ಆದಳು, ತಂಗಿ ರಾಜು ಆದಳು. ಗಾಜಿನ ಬಳೆಯಿರಬೇಕಾದ ಕೈಗೆ ಸ್ಟೀಲಿನ ಕಡಗವೆಂಬ ಈ ವಿವರ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಕುರ್ಚಿಯಲ್ಲಿ ತಲೆ ಒರಗಿಸಿದ ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು ಕ್ಷೌರಿಕನ ಮುಖವಲ್ಲ, ಮಣಿಕಟ್ಟು.

ಈ ವೇಷದಿಂದ ಮೋಸಹೋದವರು ಯಾರು? ಸ್ವಂತ ಊರಿನವರಲ್ಲಿ ಹೆಚ್ಚಿನವರಿಗೆ ವಿಷಯ ತಿಳಿದೇ ಇತ್ತು. ಸುತ್ತಲ ಹಳ್ಳಿಗಳವರಿಗೆ ಮಾತ್ರ ತಿಳಿದಿರಲಿಲ್ಲವೆಂದು ವರದಿಗಳು ಹೇಳುತ್ತವೆ. ಇಬ್ಬರು ಹುಡುಗಿಯರು ಹುಟ್ಟಿ ಬೆಳೆದ ಊರಿನಲ್ಲಿ ಕೂದಲು ಕತ್ತರಿಸಿಕೊಂಡ ಮಾತ್ರಕ್ಕೆ ಯಾರಿಗೆ ಗುರುತು ತಪ್ಪೀತು? ಹಾಗಿದ್ದರೆ ಊರವರ ಪಾಲಿಗೆ ಆ ವೇಷ ಸುಳ್ಳಲ್ಲ, ಒಂದು ಒಪ್ಪಂದ. ಹೆಣ್ಣುಮಗಳಿಂದ ಗಡ್ಡ ಹೆರೆಸಿಕೊಂಡೆನೆಂದು ಹೇಳಿಕೊಳ್ಳಲಾರದ ಗಂಡಸು, ದೀಪಕ್‌ನ ಅಂಗಡಿಗೆ ಹೋಗಿ ಬಂದೆನೆಂದು ಯಾವ ಮುಜುಗರವೂ ಇಲ್ಲದೆ ಹೇಳಬಹುದಾಗಿತ್ತು. ಪರಊರಿನ ಗಿರಾಕಿಯ ವಿಷಯದಲ್ಲಿ ಅದೇ ವೇಷ ನಿಜವಾದ ರಕ್ಷಣೆಯಾಗಿತ್ತು. ಒಂದೇ ಉಪಾಯ ಎರಡು ಬಗೆಯ ಗಿರಾಕಿಗಳಿಗೆ ಎರಡು ಬಗೆಯಲ್ಲಿ ಕೆಲಸ ಮಾಡಿತು. ಇದನ್ನು ಆ ಮಕ್ಕಳು ಹೀಗೆ ವಿಂಗಡಿಸಿ ಯೋಚಿಸಿ ಮಾಡಿದರೆಂದು ನಾನು ಹೇಳುತ್ತಿಲ್ಲ. ಫಲ ಹಾಗೆ ಬಂತು.

ಬೆಲೆ ತೆತ್ತದ್ದು ಮಾತ್ರ ಅವರೇ. ಅಂಗಡಿಯ ಖರ್ಚಿನ ಪಟ್ಟಿಯಲ್ಲಿ ಬ್ಲೇಡು, ಸೋಪು, ಪೌಡರುಗಳ ಜೊತೆ ಬರೆಯಲಾಗದ ಒಂದು ಬಾಬತ್ತು ಇದು: ವಯಸ್ಸಿಗೆ ಬರುವ ಕಾಲದಲ್ಲಿ ಇಬ್ಬರು ಹುಡುಗಿಯರು ದಿನದ ಅರ್ಧವನ್ನು ಬೇರೆಯವರಾಗಿ ಕಳೆದದ್ದು.

ಮಧ್ಯಾಹ್ನದ ಅಂಗಡಿ

ಅವರ ಅತ್ಯಂತ ಜಾಣ ನಿರ್ಧಾರವೆಂದು ನನಗನಿಸುವುದು ವೇಳೆಯದು. ಬೆಳಗಿನ ಹೊತ್ತನ್ನು ಓದಿಗೆ ಬಿಟ್ಟು, ಅಂಗಡಿಯನ್ನು ಮಧ್ಯಾಹ್ನದ ಮೇಲೆ ತೆರೆಯುತ್ತಿದ್ದರು. ಕ್ಷೌರದ ಕಸುಬು ತಿಳಿದವರಿಗೆ ಇದು ತಲೆಕೆಳಗಾದ ಲೆಕ್ಕವೆನಿಸಬಹುದು. ಬೆಳಗ್ಗೆ ಸ್ನಾನಕ್ಕೆ ಮೊದಲು ಕ್ಷೌರ ಮುಗಿಸುವುದು ನಮ್ಮ ಜನರ ರೂಢಿ. ಮೇಲಾಗಿ ಮಂಗಳವಾರ, ಶನಿವಾರ ಬೇಡವೆನ್ನುವ ನಂಬಿಕೆ ಉತ್ತರದಲ್ಲೂ ಬಲವಾಗಿದೆ. ನಮ್ಮ ಪೇಟೆಗಳಲ್ಲಂತೂ ಮಂಗಳವಾರ ಕ್ಷೌರದಂಗಡಿಗಳಿಗೆ ರಜೆಯೇ. ಇಷ್ಟಾದರೂ ದಿನದ ಒಳ್ಳೆಯ ವ್ಯಾಪಾರದ ಹೊತ್ತನ್ನು ಬಿಟ್ಟುಕೊಟ್ಟು ಶಾಲೆಯನ್ನು ಉಳಿಸಿಕೊಂಡರು. 2019ರಲ್ಲಿ ಸುದ್ದಿಯಾಗುವ ಹೊತ್ತಿಗೆ ಅಕ್ಕ ಪದವಿ ಮುಗಿಸಿದ್ದಳು, ತಂಗಿ ಇನ್ನೂ ಓದುತ್ತಿದ್ದಳು.

ಗಳಿಕೆ ದಿನಕ್ಕೆ 400 ರೂಪಾಯಿಗೆ ಕಡಿಮೆಯಿಲ್ಲದೆ ಬರುತ್ತಿತ್ತು. ಅಪ್ಪನ ಚಿಕಿತ್ಸೆಗೂ ಮನೆಯ ಖರ್ಚಿಗೂ ಅದು ಸಾಕಾಗುತ್ತಿತ್ತು. ಈ ಮೊತ್ತವನ್ನು ಸುಮ್ಮನೆ ಓದಿದರೆ ಅದರ ಅರ್ಥ ತಿಳಿಯುವುದಿಲ್ಲ. ಉದ್ಯೋಗ ಖಾತರಿ ಯೋಜನೆಯಲ್ಲಿ ಉತ್ತರ ಪ್ರದೇಶಕ್ಕೆ 2018-19ರಲ್ಲಿ ನಿಗದಿಯಾಗಿದ್ದ ದಿನಗೂಲಿ 175 ರೂಪಾಯಿ. ಇಬ್ಬರು ವಯಸ್ಕರು ದಿನವಿಡೀ ಮಣ್ಣು ಹೊತ್ತರೆ 350 ರೂಪಾಯಿ, ಅದೂ ಆಗ ವರ್ಷಕ್ಕೆ ಒಂದು ಮನೆಗೆ ಇದ್ದದ್ದು 100 ದಿನದ ಖಾತರಿ. ಅಕ್ಕ-ತಂಗಿಯರ ಅಂಗಡಿ ಅದಕ್ಕಿಂತ ಹೆಚ್ಚನ್ನು ಅರ್ಧ ದಿನದಲ್ಲಿ ತರುತ್ತಿತ್ತು. ತಿಂಗಳಿಗೆ 25 ದಿನ ಬಾಗಿಲು ತೆರೆದಿತ್ತೆಂದು ಇಟ್ಟುಕೊಂಡರೆ 10,000 ರೂಪಾಯಿ. ಅದರಲ್ಲಿ ಸಾಮಾನಿನ ಖರ್ಚು ಕಳೆಯಬೇಕು, ಆದರೆ ಈ ಕಸುಬಿನಲ್ಲಿ ಸಾಮಾನಿನ ಖರ್ಚು ದುಡಿಮೆಯ ಚಿಕ್ಕ ಪಾಲು ಮಾತ್ರ. ಅಂಗಡಿಯನ್ನು ಮಾರಿ ಅಥವಾ ಬಿಟ್ಟು ಕೂಲಿಗೆ ಹೋಗಿದ್ದರೆ ಸಂಸಾರವೂ ಸಾಗುತ್ತಿರಲಿಲ್ಲ, ಓದೂ ಉಳಿಯುತ್ತಿರಲಿಲ್ಲ.

ಇಬ್ಬರು ಯಾಕೆ ಬೇಕಾಯಿತು

ಒಬ್ಬಳೇ ಇದ್ದಿದ್ದರೆ ಈ ಅಂಗಡಿ ಉಳಿಯುತ್ತಿತ್ತೇ? ಇಲ್ಲವೆಂದೇ ನನ್ನ ಎಣಿಕೆ. ಬಂದ ಗಿರಾಕಿಯ ಮುಂದೆ ಖಾಲಿ ಅಂಗಡಿ ಇರಬಾರದು. ಒಬ್ಬಳಿಗೆ ಪರೀಕ್ಷೆಯೋ ಜ್ವರವೋ ಬಂದ ದಿನ ಇನ್ನೊಬ್ಬಳು ನಿಲ್ಲಬಹುದು ಎಂಬುದು ಮೇಲ್ನೋಟಕ್ಕೆ ಕಾಣುವ ಕಾರಣ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅಪರಿಚಿತ ಗಂಡಸರು ಬಂದು ಹೋಗುವ ಜಾಗದಲ್ಲಿ ಒಬ್ಬಳೇ ಹುಡುಗಿ ನಿಂತಾಗ ಅವಳ ಅರ್ಧ ಗಮನ ತನ್ನ ರಕ್ಷಣೆಯ ಮೇಲೇ ಇರುತ್ತದೆ, ಅರ್ಧ ಗಮನದಿಂದ ಆಡಿಸುವ ಕತ್ತಿ ಗಾಯಮಾಡುತ್ತದೆ, ಗಾಯಮಾಡುವ ಅಂಗಡಿಗೆ ಯಾರೂ ಎರಡನೆಯ ಸಲ ಬರುವುದಿಲ್ಲ. ಇಬ್ಬರಿದ್ದಾಗ ಒಬ್ಬಳು ಕತ್ತಿ ಹಿಡಿದಿದ್ದರೆ ಇನ್ನೊಬ್ಬಳ ಕಣ್ಣು ಬಾಗಿಲ ಮೇಲಿರಬಹುದು. ವೇಷಕ್ಕೂ ಜೊತೆ ಬೇಕು. ದೀಪಕ್ ಎಂದು ಕರೆಯಲು ಪಕ್ಕದಲ್ಲೊಬ್ಬ ರಾಜು ಇದ್ದರೆ ಹೆಸರು ನಿಲ್ಲುತ್ತದೆ. ಯಾರೂ ಕರೆಯದ ಹೆಸರು ಎಷ್ಟು ದಿನ ನಿಂತೀತು?

ಇದರ ಪಕ್ಕದಲ್ಲಿ ನಮ್ಮ ಗಡಿಯ ಆಚೆಗಿನ ಒಂದು ಸಂಗತಿಯನ್ನು ಇಟ್ಟು ನೋಡುವುದು ಉಪಯುಕ್ತ. ನಿಪ್ಪಾಣಿ, ಸಂಕೇಶ್ವರಗಳ ನೆರೆಯಲ್ಲಿರುವ ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕಿನ ಹಾಸೂರ-ಸಾಸಗಿರಿಯಲ್ಲಿ, 1980ರ ದಶಕದಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ನಾಲ್ವರು ಹೆಣ್ಣುಮಕ್ಕಳನ್ನು ಸಾಕಲು ಅವನ ಕ್ಷೌರದ ಕತ್ತಿಯನ್ನೇ ಕೈಗೆತ್ತಿಕೊಂಡರು. ಅವರು ಒಬ್ಬರೇ, ಸೀರೆಯಲ್ಲೇ, ತಮ್ಮ ಹೆಸರಿನಲ್ಲೇ ಆ ಕೆಲಸ ಮಾಡಿದರು. ಸುತ್ತಲ ಊರುಗಳಿಗೂ ಹೋಗಿ, ಮುಂದೆ ಎಮ್ಮೆಗಳ ಮೈಕೂದಲನ್ನೂ ಹೆರೆದು ಸಂಪಾದಿಸಿದರು. ಅವರಿಗೆ ವೇಷ ಬೇಕಾಗಲಿಲ್ಲವೇಕೆ? ಒಂದು, ಅವರು ಮದುವೆಯಾಗಿ ಮಕ್ಕಳ ತಾಯಿಯಾಗಿದ್ದವರು. ಇನ್ನೊಂದು, ಊರಿನ ಮುಖಂಡರೇ ಆ ದಾರಿಯನ್ನು ಸೂಚಿಸಿ ಬೆನ್ನಿಗೆ ನಿಂತಿದ್ದರು. ದೊಡ್ಡವರು ಬಹಿರಂಗವಾಗಿ ಬೆಂಬಲಿಸಿದರೆ ಊರಿನ ಉಳಿದವರಿಗೆ ನೆಪ ಬೇಕಾಗುವುದಿಲ್ಲ. ಬನ್ವಾರಿ ಟೋಲಾದಲ್ಲಿ ಆ ನೆಪವನ್ನು ಮಕ್ಕಳೇ ಒದಗಿಸಿಕೊಳ್ಳಬೇಕಾಯಿತು.

ಹೊಗಳಿಕೆಯ ನಡುವೆ ಒಂದು ಅಳುಕು

ಇದನ್ನು ಬರೆಯುವಾಗ ನನಗೆ ಪೂರ್ತಿ ಸಮಾಧಾನವಿಲ್ಲ. ಹನ್ನೊಂದು ವರ್ಷದ ಮಗು ದುಡಿದು ಸಂಸಾರ ನಡೆಸಿತೆಂಬುದನ್ನು ಯಶಸ್ಸಿನ ಪ್ರಕರಣವೆಂದು ಕರೆಯುವುದು ಹೇಗೆ? ಕಾನೂನಿನ ಕಣ್ಣಿಗೆ ಇದು ತಪ್ಪಾಗಿ ಕಾಣದಿರಬಹುದು: 1986ರ ಬಾಲಕಾರ್ಮಿಕ ಕಾಯ್ದೆಯೇ ಮನೆಯವರೊಡನೆ ನಡೆಸುವ ಕೆಲಸಕ್ಕೆ ವಿನಾಯಿತಿ ಕೊಟ್ಟಿತ್ತು, 2016ರ ತಿದ್ದುಪಡಿಯೂ ಶಾಲೆಯ ಸಮಯದ ಆಚೆ ಮತ್ತು ರಜೆಯಲ್ಲಿ ಕುಟುಂಬದ ಉದ್ಯಮಕ್ಕೆ ನೆರವಾಗಲು ಮಕ್ಕಳಿಗೆ ಅವಕಾಶ ಉಳಿಸಿದೆ. ಆದರೆ ನೆರವಾಗುವುದು ಬೇರೆ, ಇಡೀ ಉದ್ಯಮವನ್ನೇ ಹೊರುವುದು ಬೇರೆ. ದಿನಗೂಲಿಯಂತೆ ಬದುಕುವ ಕಸುಬುದಾರ ಕಾಯಿಲೆ ಬಿದ್ದರೆ ಅವನ ಸಂಸಾರಕ್ಕೆ ಆರು ತಿಂಗಳ ಆಸರೆ ಒದಗಿಸುವ ವ್ಯವಸ್ಥೆ ಊರಿನಲ್ಲಿ ಇದ್ದಿದ್ದರೆ ಆ ಕೂದಲನ್ನು ಕತ್ತರಿಸುವ ಪ್ರಮೇಯ ಬರುತ್ತಿರಲಿಲ್ಲ. ಮಕ್ಕಳು ಕೆಲಸಮಾಡುವುದನ್ನು ನೋಡಿದರೆ ತುಂಬ ನೋವಾಗುತ್ತದೆ, ಆದರೆ ಅವರ ಬಗ್ಗೆ ಹೆಮ್ಮೆಯೂ ಇದೆ ಎಂಬ ಅರ್ಥದಲ್ಲಿ ಅಪ್ಪ ಮಾತನಾಡಿದ್ದಾರೆ. ಆತ ನೋವನ್ನು ಮೊದಲು ಹೇಳಿದ್ದು ಸರಿಯಾಗಿಯೇ ಇದೆ.

2019

ಗೋರಖ್‌ಪುರದ ಪತ್ರಕರ್ತರೊಬ್ಬರು ಹಿಂದಿ ಪತ್ರಿಕೆಯಲ್ಲಿ ಬರೆದ ಮೇಲೆ ಅಧಿಕಾರಿಗಳು ಅಕ್ಕ-ತಂಗಿಯರನ್ನು ಸನ್ಮಾನಿಸಿದರು. ಅದೇ ವರ್ಷ ಜಿಲೆಟ್ ಇಂಡಿಯಾ ಕಂಪನಿ ಅವರ ಬದುಕನ್ನು ಆಧರಿಸಿ, ಅಪ್ಪನೊಡನೆ ಅಂಗಡಿಗೆ ಬರುವ ಪುಟ್ಟ ಹುಡುಗನೊಬ್ಬನ ಕಣ್ಣಿನಿಂದ ನೋಡುವಂಥ ಜಾಹೀರಾತು ಚಿತ್ರ ಮಾಡಿತು. ಮೇ ತಿಂಗಳಲ್ಲಿ ಸಚಿನ್ ತೆಂಡೂಲ್ಕರ್ ಈ ಅಕ್ಕ-ತಂಗಿಯರ ಕೈಯಲ್ಲಿ ಗಡ್ಡ ತೆಗೆಸಿಕೊಂಡು, ಹಿಂದೆಂದೂ ತಾನು ಬೇರೆಯವರ ಕೈಯಲ್ಲಿ ಕ್ಷೌರ ಮಾಡಿಸಿಕೊಂಡಿರಲಿಲ್ಲವೆಂದು ಬರೆದು ಚಿತ್ರ ಹಂಚಿಕೊಂಡರು; ಕಂಪನಿಯ ವಿದ್ಯಾರ್ಥಿವೇತನವನ್ನೂ ಅವರಿಗೆ ತಲುಪಿಸಿದರು. ಬ್ಲೇಡು ಮಾರುವ ಕಂಪನಿಗೆ ಇದರಿಂದ ಲಾಭವಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲಾನುಕ್ರಮವನ್ನು ಮಾತ್ರ ಗಮನಿಸಬೇಕು: ಕ್ಯಾಮರಾ ಬರುವ ಹೊತ್ತಿಗೆ ಅಂಗಡಿ ಉಳಿದಾಗಿತ್ತು, ಅಪ್ಪನ ಚಿಕಿತ್ಸೆ ನಡೆದಿತ್ತು, ಅಕ್ಕನ ಪದವಿ ಮುಗಿದಿತ್ತು.

ವೇಷವೂ ಅಷ್ಟರಲ್ಲಿ ಸಡಿಲವಾಗಿತ್ತು. ಈಗ ಯಾರ ಭಯವೂ ಇಲ್ಲ, ನಾವು ಹುಡುಗಿಯರೆಂದು ಹೆಚ್ಚಿನವರಿಗೆ ಗೊತ್ತಾಗಿದೆ ಎಂದು ಅಕ್ಕ ಹೇಳಿಕೊಂಡಳು. ಕೂದಲನ್ನು ಮತ್ತೆ ಬೆಳೆಯಲು ಬಿಟ್ಟಿದ್ದಳು. ಗುರುತು ಬಯಲಾದ ಮೇಲೂ ಗಿರಾಕಿಗಳು ಅದೇ ಕುರ್ಚಿಯಲ್ಲಿ ತಲೆ ಒರಗಿಸುತ್ತಿದ್ದರು. ಮುಂದೇನು ಮಾಡುವೆಯೆಂದು ಕೇಳಿದವರಿಗೆ ಅವಳು ಕೊಟ್ಟ ಉತ್ತರ, ಒಂದು ಬ್ಯೂಟಿ ಪಾರ್ಲರ್ ತೆರೆಯಬೇಕೆಂದು.